ಅನುದಾನ ಮತ್ತು ಶಾಲಾ ಕಲಾಶಿಕ್ಷಣ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ನೆಲೆಯಲ್ಲಿ ಒಂದು ವಿವೇಚನೆ

ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ ತಿಂಗಳಿನಲ್ಲಿ ಮದರಾಸು ಸರ್ಕಾರಕ್ಕೆ ಒಂದು ವರದಿಯನ್ನು ಕಳುಹಿಸಿದನು. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದಾದ್ಯಂತ ಕೈಗೊಂಡ ದೇಶೀ ಶಾಲೆಗಳ ಸಮೀಕ್ಷೆಗೆ ಬಂದ ಉತ್ತರಗಳಲ್ಲಿ ಇದು ಅತ್ಯಂತ ವಿವರವಾದ ಉತ್ತರಗಳಲ್ಲೊಂದು. ಅದರ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. 6,641 ಮಕ್ಕಳು ಓದುತ್ತಿದ್ದರು. ಶಾಲೆಗಳ ಪೈಕಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳು ಮತ್ತು ಇಂಗ್ಲಿಷಿನವು. ಇಷ್ಟೂ ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದಿಂದ ನೆರವು ದೊರೆಯುತ್ತಿಲ್ಲವೆಂಬುದನ್ನು ಆ ಅಧಿಕಾರಿ ನಾಚಿಕೆಯಿಂದಲೇ ಒಪ್ಪಿಕೊಂಡಿದ್ದಾನೆ. ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆ ಸಲ್ಲುತ್ತಿದ್ದ ದತ್ತಿ ಉಂಬಳಿಗಳು ಕ್ಷೀಣಿಸಿದ್ದೇ ಶಿಕ್ಷಣದ ಇಳಿತಕ್ಕೆ ಕಾರಣವೆಂದು ಅವನ ಅಭಿಪ್ರಾಯ.

ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂದು ಕರೆಯಲ್ಪಡುವ ಪ್ರದೇಶವು ಅಂದು ಆ ಜಿಲ್ಲೆಯ ಪಶ್ಚಿಮ ಭಾಗವಾಗಿತ್ತು. ಎರಡು ಶತಮಾನಗಳ ಅನಂತರ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ನೆರವಿಲ್ಲದ ಶಾಲೆ ಎಂಬುದು ಇಲ್ಲ. ಶಿಕ್ಷಕರ ವೇತನ, ಕಟ್ಟಡ, ಪಠ್ಯಪುಸ್ತಕ, ಬಿಸಿಯೂಟ ಎಲ್ಲವೂ ಸಾರ್ವಜನಿಕ ಹಣದಿಂದಲೇ ನಡೆಯುತ್ತವೆ. ಹೀಗಿದ್ದರೂ ಸಂಗೀತ, ಚಿತ್ರ, ನಾಟಕ, ಕಥನ, ಸ್ಥಳೀಯ ಚರಿತ್ರೆ ಮೊದಲಾದವು ಮಗುವನ್ನು ತಲುಪುವ ವಿಷಯದಲ್ಲಿ ಅನುದಾನದ ಪಾತ್ರವೇನು ಎಂಬ ಪ್ರಶ್ನೆಗೆ ಸರಳ ಉತ್ತರ ದೊರೆಯುವುದಿಲ್ಲ. ಅನುದಾನದ ಸ್ವರೂಪ, ಅದು ಹರಿದುಬರುವ ದಾರಿಗಳು ಮತ್ತು ಈ ಐದು ತಾಲ್ಲೂಕುಗಳ ಕಲಾಸಂಪತ್ತಿಗೆ ಅದು ಹೊಂದಿಕೊಳ್ಳುವ ಬಗೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶ ಮತ್ತು ಅದರ ಕಲಾಸಂಪತ್ತು

1953ರ ಅಕ್ಟೋಬರ್ 1ರಂದು ಮದರಾಸು ಪ್ರಾಂತ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ಇದ್ದವು. ಹಗರಿಬೊಮ್ಮನಹಳ್ಳಿ ಅನಂತರ ತಾಲ್ಲೂಕಾಯಿತು, ಕೊಟ್ಟೂರು ಈಚಿನದು. ಹರಪನಹಳ್ಳಿಯನ್ನು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು. ಎರಡು ದಶಕಗಳ ಬಳಿಕ ಅದು ಬಳ್ಳಾರಿಗೆ ಮರಳಿತು. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಡನೆ ಈ ಐದೂ ತಾಲ್ಲೂಕುಗಳು ಒಂದೆಡೆ ಸೇರಿವೆ. ಆಡಳಿತದ ಗಡಿಗಳು ಹೀಗೆ ಬದಲಾಗುತ್ತ ಬಂದರೂ ಸಾಂಸ್ಕೃತಿಕವಾಗಿ ಇದು ಒಂದೇ ನೆಲ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ, ಹಿರೇಹಡಗಲಿಯ ಕಟ್ಟೇಶ್ವರ ದೇವಾಲಯಗಳು ಚಾಲುಕ್ಯ ಶಿಲ್ಪದ ಪ್ರಮುಖ ನಿದರ್ಶನಗಳು. ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನ ದಕ್ಷಿಣ ಭಾರತದ ಪ್ರಾಚೀನ ಶಾಸನಗಳಲ್ಲೊಂದು. ಕೋಗಳಿಯು ಪ್ರಾಚೀನ ನಾಡಿನ ಕೇಂದ್ರವಾಗಿದ್ದು ಜೈನ ಬಸದಿಗೆ ಹೆಸರಾಗಿದೆ. ಉಚ್ಚಂಗಿದುರ್ಗ ಮತ್ತು ಗುಡೇಕೋಟೆಗಳು ಪಾಳೆಯಗಾರರ ಚರಿತ್ರೆಯನ್ನು ಹೇಳುತ್ತವೆ. ಮೈಲಾರದ ಗೊರವರು ಮತ್ತು ಕಾರಣಿಕ, ಕೊಟ್ಟೂರಿನ ಗುರುಬಸವೇಶ್ವರನ ರಥೋತ್ಸವ, ಉಜ್ಜಿನಿಯ ಮರುಳಸಿದ್ಧೇಶ್ವರನ ಆಚರಣೆಗಳು ಇಲ್ಲಿನ ಜನಜೀವನದಲ್ಲಿ ಬೆರೆತಿವೆ. ಹರಪನಹಳ್ಳಿ ಭೀಮವ್ವನು ಹತ್ತೊಂಬತ್ತನೆಯ ಶತಮಾನದ ಹರಿದಾಸ ಪರಂಪರೆಯಲ್ಲಿ ಗಣ್ಯ ಸ್ಥಾನ ಪಡೆದ ಮಹಿಳೆ. ದೊಡ್ಡಾಟವು ಊರೂರಿನ ಕಲೆ. ವೃತ್ತಿರಂಗಭೂಮಿಗೂ ಈ ಭಾಗ ಅನೇಕ ನಟನಟಿಯರನ್ನು ಕೊಟ್ಟಿದೆ. ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ಕಟ್ಟಿದ ರಂಗಭಾರತಿಯು ಸಣ್ಣ ಊರಿನಲ್ಲಿಯೂ ಹವ್ಯಾಸಿ ರಂಗಭೂಮಿ ಬೇರೂರಬಲ್ಲದೆಂಬುದನ್ನು ತೋರಿಸಿತು.

ಈ ಪಟ್ಟಿಯನ್ನು ಇಲ್ಲಿ ಕೊಟ್ಟಿರುವುದು ಹೆಮ್ಮೆಗಾಗಿ ಅಲ್ಲ. ಶಾಲೆಯೊಂದು ಕಲಾಶಿಕ್ಷಣವನ್ನು ಆರಂಭಿಸಲು ಬೇಕಾದ ಬಹುಪಾಲು ಸಾಮಗ್ರಿ ಶಾಲೆಯ ಸುತ್ತಲಿನ ಹತ್ತು ಹದಿನೈದು ಕಿಲೋಮೀಟರಿನೊಳಗೆ ಇದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದ್ದರಿಂದ ಕೊರತೆ ಸಾಮಗ್ರಿಯದಲ್ಲ. ಸಾಮಗ್ರಿಗೂ ಮಗುವಿಗೂ ನಡುವಣ ಮನುಷ್ಯನದು ಮತ್ತು ಆತನ ವೇಳೆಯದು. ಅನುದಾನದ ವಿಚಾರವನ್ನು ಈ ದೃಷ್ಟಿಯಿಂದ ನೋಡಬೇಕಾಗುತ್ತದೆ.

ದತ್ತಿಯಿಂದ ಅನುದಾನದವರೆಗೆ

ಕರ್ನಾಟಕದ ಮಧ್ಯಕಾಲೀನ ಶಾಸನಗಳಲ್ಲಿ ದೇವಾಲಯ, ಮಠ, ಅಗ್ರಹಾರಗಳಿಗೆ ಬಿಟ್ಟ ಭೂಮಿಯ ಉತ್ಪನ್ನದಲ್ಲಿ ವಿದ್ಯಾದಾನಕ್ಕೆಂದು ಒಂದು ಪಾಲು ತೆಗೆದಿರಿಸುವ ಪದ್ಧತಿ ಕಂಡುಬರುತ್ತದೆ. ಅಲ್ಲಿ ದಾನವು ನೇರವಾಗಿ ಕಲಿಸುವವನ ಮತ್ತು ಕಲಿಯುವವನ ಜೀವನೋಪಾಯಕ್ಕೆ ಸಲ್ಲುತ್ತಿತ್ತು. ಆದರೆ ಅದರ ಫಲ ಸಮಾಜದ ಕೆಲವೇ ವರ್ಗಗಳಿಗೆ ಸೀಮಿತವಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಕ್ಯಾಂಪ್‌ಬೆಲ್ಲನ ಕಾಲಕ್ಕೆ ಆ ಆಸರೆ ಕುಸಿದಿತ್ತು. ಮಗುವೊಂದಕ್ಕೆ ತಿಂಗಳಿಗೆ ಕಾಲು ರೂಪಾಯಿ, ಕಾಗದದ ಮೇಲೆ ಬರೆಯುವ ಹಂತಕ್ಕೆ ಬಂದರೆ ಅರ್ಧ ರೂಪಾಯಿ, ಹೀಗೆ ಪೋಷಕರು ಕೊಡುವ ಹಣದಿಂದಲೇ ಐಗಳ ಮಠಗಳು ನಡೆಯುತ್ತಿದ್ದವು. ಸರಾಸರಿ ಒಂದು ಶಾಲೆಗೆ ಹನ್ನೆರಡು ಮಕ್ಕಳು. ಅಲ್ಲಿನ ಓದಿನ ಪಟ್ಟಿ ಮಾತ್ರ ಕುತೂಹಲಕರ. ರಾಮಾಯಣ, ಮಹಾಭಾರತ, ಭಾಗವತಗಳೊಡನೆ ಬಸವಪುರಾಣ, ಗಿರಿಜಾಕಲ್ಯಾಣ, ಪಂಚತಂತ್ರ, ಬೇತಾಳ ಕಥೆಗಳು, ಅಮರ, ಶಬ್ದಮಣಿದರ್ಪಣಗಳು ಆ ಪಟ್ಟಿಯಲ್ಲಿವೆ. ಇಂದು ಮಾನವಿಕ ಶಿಕ್ಷಣವೆಂದು ಕರೆಯುವ ಕಾವ್ಯ, ಕಥನ, ವ್ಯಾಕರಣಗಳು ಆಗ ಪ್ರತ್ಯೇಕ ವಿಷಯಗಳಾಗಿರದೆ ಅಕ್ಷರ ಕಲಿಕೆಯ ಭಾಗವೇ ಆಗಿದ್ದವು. ಆದರೆ ಮಕ್ಕಳು ಅರ್ಥವರಿಯದೆ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರೆಂಬುದೂ, ಹೆಣ್ಣುಮಕ್ಕಳ ಸಂಖ್ಯೆ ಅತ್ಯಲ್ಪವಾಗಿತ್ತೆಂಬುದೂ ಅದೇ ವರದಿಯಿಂದ ತಿಳಿಯುತ್ತದೆ. ಹಿಂದೂ ವಿದ್ಯಾರ್ಥಿಗಳೆಂದು ಎಣಿಸಿದ 6,398 ಮಂದಿಯಲ್ಲಿ ಬಾಲಕಿಯರು 60 ಮಾತ್ರ.

1854ರ ವುಡ್ ಶಿಕ್ಷಣ ನಿರೂಪವು ಸಹಾಯಾನುದಾನ ಪದ್ಧತಿಗೆ ತಳಹದಿ ಹಾಕಿತು. ಮರುವರ್ಷವೇ ಮದರಾಸು ಪ್ರಾಂತ್ಯದಲ್ಲಿ ಅನುದಾನದ ನಿಯಮಗಳು ರೂಪುಗೊಂಡವು. 1860ರ ದಶಕದ ಕೊನೆಯಲ್ಲಿ ಫಲಿತಾಂಶವನ್ನು ಆಧರಿಸಿ ಹಣ ನೀಡುವ ಕ್ರಮವೂ ಬಂದಿತು. ತನಿಖಾಧಿಕಾರಿಯ ಮುಂದೆ ಮಗು ಮುಖ್ಯವಾಗಿ ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾದರೆ ಶಾಲೆಗೆ ಇಷ್ಟು ಹಣ ಎಂಬುದು ಅದರ ಸೂತ್ರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕ್ರಮವನ್ನು ಕೈಬಿಡಲಾಯಿತಾದರೂ ಅದು ಉಳಿಸಿಹೋದ ಮನೋಧರ್ಮ ದೀರ್ಘಕಾಲ ಬಾಳಿತು. ಅಳೆಯಬಹುದಾದುದಕ್ಕೆ ಹಣ, ಅಳೆಯಲಾಗದುದಕ್ಕೆ ಶಿಕ್ಷಕನ ಒಲವು ಎಂಬ ವಿಭಜನೆ ಆಗ ಆರಂಭವಾಯಿತು. ಹಾಡು, ಚಿತ್ರ, ಆಟಗಳು ಶಾಲಾ ವಾರ್ಷಿಕೋತ್ಸವಕ್ಕೆ ಸರಿದವು.

ಶಾಲೆಯ ಕೈಗೆ ಬರುವ ಹಣ

ಸರ್ಕಾರಿ ಶಾಲೆಯೊಂದು ತಾನೇ ನಿರ್ಧರಿಸಿ ಖರ್ಚು ಮಾಡಬಹುದಾದ ಹಣದ ಕಲ್ಪನೆ ಈ ಭಾಗದಲ್ಲಿ ಬಲಗೊಂಡದ್ದು 2001ರ ಅನಂತರ. ಆ ವರ್ಷ ರಾಜ್ಯ ಸರ್ಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಅದೇ ಸುಮಾರಿಗೆ ಸರ್ವ ಶಿಕ್ಷಣ ಅಭಿಯಾನವೂ ಆರಂಭವಾಯಿತು. ಅಭಿಯಾನದ ಮೊದಲ ವರ್ಷಗಳಲ್ಲಿ ಶಾಲೆಗೆ ವಾರ್ಷಿಕ ರೂ. 2,000 ಶಾಲಾನುದಾನ, ಪ್ರತಿ ಶಿಕ್ಷಕರಿಗೆ ರೂ. 500 ಕಲಿಕೋಪಕರಣ ಅನುದಾನ ದೊರೆಯುತ್ತಿತ್ತು. ಮೊತ್ತ ಚಿಕ್ಕದಾದರೂ ಎರಡನೆಯದರ ಮಹತ್ವ ದೊಡ್ಡದಾಗಿತ್ತು. ಬಣ್ಣದ ಕಾಗದ, ಮುಖವಾಡ, ಸೂತ್ರದ ಗೊಂಬೆ, ನಕಾಶೆಗಳನ್ನು ಶಿಕ್ಷಕರು ಸ್ವಂತ ವಿವೇಚನೆಯಿಂದ ತಯಾರಿಸಲು ಅದರಲ್ಲಿ ಅವಕಾಶವಿತ್ತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ ನಲಿ-ಕಲಿ ಪದ್ಧತಿಯೂ ಹಾಡು, ಕಥೆ, ಚಿತ್ರಗಳನ್ನು ಕಿರಿಯ ತರಗತಿಗಳ ಕಲಿಕಾ ವಿಧಾನವನ್ನಾಗಿ ಮಾಡಿತು.

2018ರಲ್ಲಿ ಸರ್ವ ಶಿಕ್ಷಣ ಅಭಿಯಾನ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಮತ್ತು ಶಿಕ್ಷಕರ ಶಿಕ್ಷಣ ಯೋಜನೆಗಳನ್ನು ಒಗ್ಗೂಡಿಸಿ ಸಮಗ್ರ ಶಿಕ್ಷಣ ಯೋಜನೆಯನ್ನು ರೂಪಿಸಲಾಯಿತು. ಕರ್ನಾಟಕದಂತಹ ರಾಜ್ಯಗಳಲ್ಲಿ ಇದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ಭರಿಸುವ ವ್ಯವಸ್ಥೆಯಾಯಿತು. ಹಿಂದಿನ ಚಿಕ್ಕಪುಟ್ಟ ಅನುದಾನಗಳ ಸ್ಥಾನದಲ್ಲಿ ಸಂಯುಕ್ತ ಶಾಲಾನುದಾನ ಬಂದಿತು. ಪರಿಷ್ಕೃತ ಮಾನದಂಡದಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ ರೂ. 10,000, 31ರಿಂದ 100ರವರೆಗೆ ರೂ. 25,000, 101ರಿಂದ 250ರವರೆಗೆ ರೂ. 50,000, 251ರಿಂದ 1,000ದವರೆಗೆ ರೂ. 75,000, ಅದಕ್ಕೂ ಮಿಗಿಲಾದರೆ ರೂ. 1,00,000. ಇದರಲ್ಲಿ ಕನಿಷ್ಠ ಶೇಕಡಾ 10ನ್ನು ಸ್ವಚ್ಛತೆಗೆ ಮೀಸಲಿಡಬೇಕು.

ಈ ಅಂಕಿಗಳ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 90 ಮಕ್ಕಳಿರುವ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ರೂ. 25,000 ಬಂದಿತೆಂದಿಟ್ಟುಕೊಂಡರೆ, ಸ್ವಚ್ಛತೆಯ ಪಾಲನ್ನು ಕಳೆದು ಉಳಿಯುವುದು ರೂ. 22,500. ಅಂದರೆ ತಿಂಗಳಿಗೆ ರೂ. 1,875, ಮಗುವೊಂದಕ್ಕೆ ವರ್ಷಕ್ಕೆ ರೂ. 250. ಸೀಮೆಸುಣ್ಣ, ದಾಖಲೆ ಪುಸ್ತಕ, ಸಣ್ಣ ದುರಸ್ತಿ, ನೀರು, ವಿದ್ಯುತ್ತು, ರಾಷ್ಟ್ರೀಯ ಹಬ್ಬಗಳ ಆಚರಣೆ ಇವೆಲ್ಲವನ್ನೂ ಇಷ್ಟರಲ್ಲಿ ನಿಭಾಯಿಸಬೇಕು. 30 ಮಕ್ಕಳ ಶಾಲೆಯಲ್ಲಿ ಉಳಿಯುವ ಮೊತ್ತ ತಿಂಗಳಿಗೆ ರೂ. 750. ಕಲೆಗೆಂದು ಬೇರೆ ಶೀರ್ಷಿಕೆಯಿಲ್ಲದ ಹಣದಲ್ಲಿ ಕಲೆಯ ಸರದಿ ಕೊನೆಗೆ ಬರುವುದು ಸಹಜ. ಇದನ್ನು ಮುಖ್ಯೋಪಾಧ್ಯಾಯರ ನಿರಾಸಕ್ತಿಯೆಂದು ಭಾವಿಸುವುದು ಸರಿಯಾಗದು.

ಇದೇ ಯೋಜನೆಯಲ್ಲಿ ಕ್ರೀಡೆಗೆ ಪ್ರತ್ಯೇಕ ಶೀರ್ಷಿಕೆ ಇದೆ. ಕಿರಿಯ ಪ್ರಾಥಮಿಕ ಶಾಲೆಗೆ ರೂ. 5,000, ಹಿರಿಯ ಪ್ರಾಥಮಿಕಕ್ಕೆ ರೂ. 10,000, ಪ್ರೌಢಶಾಲೆಗೆ ರೂ. 25,000ದವರೆಗೆ ಕ್ರೀಡಾ ಸಾಮಗ್ರಿಯ ಅನುದಾನ ಸಲ್ಲುತ್ತದೆ. ಗ್ರಂಥಾಲಯಕ್ಕೂ ಶಾಲೆಯ ಹಂತವನ್ನನುಸರಿಸಿ ರೂ. 5,000ದಿಂದ ರೂ. 20,000ದವರೆಗೆ ವಾರ್ಷಿಕ ಅನುದಾನವನ್ನು ನಿಗದಿಪಡಿಸಲಾಗಿದೆ. ಮಾನವಿಕ ಶಿಕ್ಷಣದ ದೃಷ್ಟಿಯಿಂದ ಗ್ರಂಥಾಲಯದ ಅನುದಾನವೇ ಅತ್ಯಂತ ಸ್ಥಿರವಾದ ಆಧಾರ. ಶಾಲೆಗೆ ಬರುವ ಪುಸ್ತಕಗಳಲ್ಲಿ ತನ್ನ ತಾಲ್ಲೂಕಿನ ಶಾಸನ, ಜನಪದ ಕಾವ್ಯ, ಗ್ರಾಮಚರಿತ್ರೆಗಳ ಪುಸ್ತಕಗಳಿಗೂ ಎಡೆಯಿದ್ದರೆ ಆ ಹಣ ಎರಡು ಪಟ್ಟು ಫಲ ಕೊಡಬಲ್ಲದು. ಹಂಪಿಯಲ್ಲಿ 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಈ ತಾಲ್ಲೂಕುಗಳ ನೆರೆಯಲ್ಲಿಯೇ ಇದ್ದು, ಜನಪದ ಸಾಹಿತ್ಯ ಮತ್ತು ಶಾಸನಶಾಸ್ತ್ರಗಳಲ್ಲಿ ಅದರ ಪ್ರಕಟಣೆಗಳು ಹೇರಳವಾಗಿವೆ. ಆ ಪ್ರಕಟಣೆಗಳನ್ನು ಮಕ್ಕಳ ಓದಿಗೆ ಒಗ್ಗುವಂತೆ ಸರಳಗೊಳಿಸುವ ಕೆಲಸಕ್ಕೂ ಅನುದಾನ ಬೇಕು ಎಂಬುದು ಗಮನಾರ್ಹ.

ನೂರು ಮಕ್ಕಳ ಗಡಿ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆಯು 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಅನುಸೂಚಿಯಲ್ಲಿ ಕಲಾಶಿಕ್ಷಣದ ಸ್ಪಷ್ಟ ಉಲ್ಲೇಖವಿದೆ. ಆರರಿಂದ ಎಂಟನೆಯ ತರಗತಿಗಳಿರುವ ಶಾಲೆಯಲ್ಲಿ ದಾಖಲಾತಿ ನೂರನ್ನು ಮೀರಿದರೆ ಕಲೆ, ದೈಹಿಕ ಶಿಕ್ಷಣ ಮತ್ತು ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರು ಇರಬೇಕೆಂದು ಅದು ವಿಧಿಸುತ್ತದೆ. ಕಲೆಯು ಕಾನೂನಿನ ಮಾತಾದುದು ಮಹತ್ವದ ಹೆಜ್ಜೆ. ಆದರೆ ನೂರರ ಗಡಿಯು ಚದುರಿದ ಹಳ್ಳಿಗಳಿರುವ ಸೀಮೆಗೆ ತೊಡಕಾಗುತ್ತದೆ. ಕೂಡ್ಲಿಗಿ, ಹರಪನಹಳ್ಳಿಗಳಂತಹ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಹಟ್ಟಿ, ತಾಂಡಾ, ಸಣ್ಣ ಗ್ರಾಮಗಳ ಶಾಲೆಗಳು ಈ ಸಂಖ್ಯೆಯನ್ನು ತಲುಪುವುದು ಕಷ್ಟ. ಹೀಗಾಗಿ ಮೌಖಿಕ ಪರಂಪರೆ ಹೆಚ್ಚು ಜೀವಂತವಾಗಿರುವ ಊರಿನ ಶಾಲೆಯೇ ಕಲಾಬೋಧಕನ ಹಕ್ಕಿನಿಂದ ಹೊರಗುಳಿಯುವ ಸ್ಥಿತಿ ಉಂಟಾಗುತ್ತದೆ.

ಇದಕ್ಕೆ ಪರಿಹಾರವಾಗಿ ಬೋಧಕನನ್ನು ಒಂದು ಶಾಲೆಗೆ ಬದಲಾಗಿ ಶಾಲೆಗಳ ಸಮೂಹಕ್ಕೆ ನೇಮಿಸುವ ವಿಧಾನವನ್ನು ಶಿಕ್ಷಣ ಚಿಂತನೆಯಲ್ಲಿ ಸೂಚಿಸಲಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲಾ ಸಂಕೀರ್ಣದೊಳಗೆ ಶಿಕ್ಷಕರನ್ನು ಹಂಚಿಕೊಳ್ಳುವ ಮಾತನ್ನಾಡುತ್ತದೆ. ಒಂದು ಕ್ಲಸ್ಟರಿನ ಐದಾರು ಶಾಲೆಗಳಿಗೆ ವಾರದ ಒಂದೊಂದು ದಿನ ಹೋಗುವ ಕಲಾಬೋಧಕನಿಗೆ ಗೌರವಧನವಲ್ಲದೆ ಪ್ರಯಾಣಭತ್ಯವೂ ಬೇಕಾಗುತ್ತದೆ. ಭತ್ಯದ ಸಣ್ಣ ಮೊತ್ತವನ್ನು ಲೆಕ್ಕದಿಂದ ಬಿಟ್ಟರೆ ವ್ಯವಸ್ಥೆ ಕಾಗದದಲ್ಲಿಯೇ ಉಳಿಯುತ್ತದೆ. 2000ರ ದಶಕದಲ್ಲಿ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ರಂಗಶಿಕ್ಷಣ ಪಡೆದವರನ್ನು ನಾಟಕ ಶಿಕ್ಷಕರನ್ನಾಗಿ ನೇಮಿಸಿದ್ದು ಕರ್ನಾಟಕದ ವಿಶಿಷ್ಟ ಪ್ರಯೋಗ. ಸಂಖ್ಯೆ ಕಡಿಮೆಯಿದ್ದರೂ, ಕಲೆಗೆ ಕಾರ್ಯಕ್ರಮದ ಬದಲು ಹುದ್ದೆಯನ್ನು ಕೊಟ್ಟರೆ ಏನಾಗುತ್ತದೆಂಬುದನ್ನು ಅದು ತೋರಿಸಿಕೊಟ್ಟಿತು.

ಸ್ಪರ್ಧೆಯ ಅನುದಾನ, ಕಲಿಕೆಯ ಅನುದಾನ

ಶಾಲಾ ಕಲೆಗೆ ಸಲ್ಲುವ ಹಣದಲ್ಲಿ ಎದ್ದು ಕಾಣುವುದು ಸ್ಪರ್ಧೆ ಮತ್ತು ಉತ್ಸವಗಳದು. 2000ರ ದಶಕದ ಮೊದಲ ವರ್ಷಗಳಲ್ಲಿ ಆರಂಭವಾದ ಪ್ರತಿಭಾ ಕಾರಂಜಿಯು ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯಮಟ್ಟಗಳಲ್ಲಿ ನಡೆಯುವ ಸ್ಪರ್ಧಾಮಾಲೆ. ಕಂಠಪಾಠ, ಜನಪದ ಗೀತೆ, ಮಣ್ಣಿನ ಮಾದರಿ, ರಂಗೋಲಿ, ಅಭಿನಯ, ಕೋಲಾಟಗಳಿಗೆ ಅದು ವೇದಿಕೆಯಾಯಿತು. ಕೇಂದ್ರ ಸರ್ಕಾರವು 2015ರಲ್ಲಿ ಮಾಧ್ಯಮಿಕ ಹಂತದ ವಿದ್ಯಾರ್ಥಿಗಳಿಗಾಗಿ ಕಲಾ ಉತ್ಸವವನ್ನು ಆರಂಭಿಸಿತು. ಹಳ್ಳಿಯ ಮಗುವೊಂದು ಮೊದಲ ಬಾರಿಗೆ ತನ್ನ ಊರಿನ ಹೊರಗಿನ ವೇದಿಕೆಯೇರುವ ಅವಕಾಶ ಇವುಗಳಿಂದ ಒದಗಿದೆ. ಈ ಲಾಭವನ್ನು ಕಡೆಗಣಿಸುವಂತಿಲ್ಲ.

ಆದರೆ ಸ್ಪರ್ಧೆಯ ಹಣವು ಈಗಾಗಲೇ ಹಾಡಬಲ್ಲ ಮಗುವನ್ನು ಹುಡುಕುತ್ತದೆ. ಹಾಡಲು ಬಾರದ ಮಗುವಿಗೆ ಹಾಡು ಕಲಿಸುವುದಿಲ್ಲ. ತರಗತಿಯ ನಲವತ್ತು ಮಕ್ಕಳಲ್ಲಿ ನಾಲ್ವರು ವೇದಿಕೆಗೆ ಹೋದರೆ ಮೂವತ್ತಾರು ಮಂದಿ ಪ್ರೇಕ್ಷಕರಾಗುತ್ತಾರೆ. ದೊಡ್ಡಾಟದ ಕಲಿಕಾಕ್ರಮ ಇದಕ್ಕೆ ತದ್ವಿರುದ್ಧ. ಊರಿನಲ್ಲಿ ಆಟ ಕಟ್ಟಬೇಕೆಂದು ತೀರ್ಮಾನವಾದ ಮೇಲೆ ಮಾಸ್ತರನು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾನೆ. ಅಕ್ಷರ ಬಾರದವನಿಗೂ ಮಾತು, ಪದ, ಹೆಜ್ಜೆ, ತಾಳಗಳನ್ನು ಬಾಯಿಂದ ಬಾಯಿಗೆ, ಕಾಲಿಂದ ಕಾಲಿಗೆ ಕಲಿಸುತ್ತಾನೆ. ಪ್ರತಿಭೆ ಇದ್ದವನಿಗೆ ದೊಡ್ಡ ಪಾತ್ರ. ಇಲ್ಲದವನಿಗೂ ಒಂದು ಪಾತ್ರ, ಇಲ್ಲವೆ ಹಿಮ್ಮೇಳ, ಇಲ್ಲವೆ ವೇಷಭೂಷಣದ ಕೆಲಸ. ಅಂತಿಮ ಪ್ರದರ್ಶನ ಒಂದು ರಾತ್ರಿಯದು. ಕಲಿಕೆ ಹಲವು ತಿಂಗಳಿನದು. ಒಂದು ದಿನದ ಪ್ರದರ್ಶನಕ್ಕೆ ಹಣ ಕೊಟ್ಟು ಹಲವು ತಿಂಗಳ ತಾಲೀಮಿಗೆ ಕೊಡದಿರುವುದು ಈ ಕಲೆಯ ಸ್ವಭಾವಕ್ಕೇ ವಿರುದ್ಧವಾದುದು.

ಸಮಯದ ಇನ್ನೊಂದು ತೊಡಕೂ ಇದೆ. ಸರ್ಕಾರದ ಲೆಕ್ಕವರ್ಷ ಮಾರ್ಚಿ ತಿಂಗಳಿಗೆ ಮುಗಿಯುವುದರಿಂದ ಅನುದಾನದ ಖರ್ಚು ವರ್ಷದ ಕೊನೆಯ ತಿಂಗಳುಗಳಲ್ಲಿ ದಟ್ಟವಾಗುತ್ತದೆ. ಈ ಸೀಮೆಯಲ್ಲಿ ಅದು ಪರೀಕ್ಷೆಯ ಕಾಲ; ಮೈಲಾರ, ಕೊಟ್ಟೂರುಗಳ ಜಾತ್ರೆಯ ಕಾಲ; ಸುಗ್ಗಿ ಮುಗಿದು ಕೆಲಸ ಅರಸಿ ಕುಟುಂಬಗಳು ಗುಳೆ ಹೋಗುವ ಕಾಲ. ತಂದೆತಾಯಿಯರೊಡನೆ ಊರು ಬಿಟ್ಟ ಮಗುವಿಗೆ ಫೆಬ್ರವರಿಯಲ್ಲಿ ನಡೆಯುವ ಕಾರ್ಯಾಗಾರ ದಕ್ಕುವುದಿಲ್ಲ. ಅದೇ ಹಣ ಜೂನ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ ಕೈಸೇರಿದರೆ, ಹೆಚ್ಚು ಮಕ್ಕಳು ಊರಿನಲ್ಲಿರುವ ದಿನಗಳಲ್ಲಿ ವಿನಿಯೋಗವಾಗುತ್ತದೆ.

ವ್ಯಕ್ತಿಗೆ ಸಲ್ಲುವ ನೆರವು

ಶಾಲೆಗೆ ಅಲ್ಲದೆ ವ್ಯಕ್ತಿಗೆ ನೀಡುವ ನೆರವು ಇನ್ನೊಂದು ಬಗೆಯದು. 1979ರಲ್ಲಿ ಸ್ಥಾಪನೆಯಾದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು ಸೇವಾನಿರತ ಶಿಕ್ಷಕರಿಗೆ ಕಲಾ ತರಬೇತಿ ನೀಡುತ್ತ ಬಂದಿದೆ. ಅದರ ಸಾಂಸ್ಕೃತಿಕ ಪ್ರತಿಭಾನ್ವೇಷಣ ವಿದ್ಯಾರ್ಥಿವೇತನ ಯೋಜನೆಯು 10ರಿಂದ 14 ವರ್ಷದ ಮಕ್ಕಳಿಗೆ ಮೀಸಲು. ದೇಶಾದ್ಯಂತ ವರ್ಷಕ್ಕೆ 650 ವಿದ್ಯಾರ್ಥಿವೇತನಗಳು; ಅವುಗಳಲ್ಲಿ 125 ಸಾಂಪ್ರದಾಯಿಕ ಕಲೆಗಳನ್ನು ನಡೆಸಿಕೊಂಡು ಬಂದ ಕುಟುಂಬಗಳ ಮಕ್ಕಳಿಗೆ ಮೀಸಲಾಗಿವೆ. ಆಯ್ಕೆಯಾದ ಮಗುವಿಗೆ ವರ್ಷಕ್ಕೆ ರೂ. 3,600 ಮತ್ತು ಗುರುವಿಗೆ ಕೊಡುವ ಬೋಧನಾ ಶುಲ್ಕವೂ ನಿಗದಿತ ಮಿತಿಯಲ್ಲಿ ದೊರೆಯುತ್ತದೆ. ತೊಗಲುಗೊಂಬೆ, ಬುರ್ರಕಥೆ, ಗೊರವರ ಕುಣಿತಗಳ ಮನೆತನಗಳಿರುವ ಈ ಭಾಗಕ್ಕೆ ಈ ಮೀಸಲಾತಿ ಅತ್ಯಂತ ಪ್ರಸ್ತುತ. ಆದರೆ ಅರ್ಜಿ ತುಂಬುವವರು, ಸಂದರ್ಶನಕ್ಕೆ ಕರೆದೊಯ್ಯುವವರು ಶಾಲೆಯ ಶಿಕ್ಷಕರೇ ಆಗಬೇಕು. ಮಾಹಿತಿಯೇ ಇಲ್ಲಿ ಮೊದಲ ಅನುದಾನ.

ನೆರೆಯ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ, ನೆರೆಯ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಇವರ ಉದಾಹರಣೆಗಳು ಗಮನಾರ್ಹ. ಬುರ್ರಕಥೆಯ ದೀರ್ಘ ಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದ ಈರಮ್ಮ 2014ರಲ್ಲಿ ನಿಧನರಾದರು. ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವ ನೀಡಿತ್ತು. ಭೀಮವ್ವನವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಪ್ರಶಸ್ತಿ, ಮಾಸಾಶನಗಳು ಕಲಾವಿದರ ಬಾಳಿನ ಕೊನೆಯ ಹಂತದಲ್ಲಿ ಬರುತ್ತವೆ. ಅಂಥವರ ನೆನಪಿನ ಭಂಡಾರ ಶಾಲೆಯ ಮಕ್ಕಳನ್ನು ತಲುಪಬೇಕಾದರೆ ಅವರ ದೇಹಶಕ್ತಿ ಇರುವಾಗಲೇ ತರಗತಿಗೆ ಕರೆತರುವ ವ್ಯವಸ್ಥೆ ಬೇಕು.

ಈ ನಿಟ್ಟಿನಲ್ಲಿ ಸರ್ಕಾರೇತರ ಅನುದಾನದ ಒಂದು ಮಾದರಿಯನ್ನು ಹೆಸರಿಸಬಹುದು. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯು 2009ರಲ್ಲಿ ‘ಕಲಿ-ಕಲಿಸು’ ಎಂಬ ಕಲಾಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕದ ಸರ್ಕಾರಿ ಶಾಲೆಗಳೇ ಅದರ ಕ್ಷೇತ್ರ. ಇಲ್ಲಿ ಅನುದಾನ ಪಡೆಯುವವರು ಸರ್ಕಾರಿ ಶಾಲೆಯ ಶಿಕ್ಷಕರು ಮತ್ತು ಶಾಲೆಯೊಡನೆ ಕೆಲಸ ಮಾಡುವ ಕಲಾವಿದರು. ಊರಿನ ಕಲೆ, ಕಸುಬು, ಚರಿತ್ರೆಗಳನ್ನು ಪಠ್ಯಕ್ಕೆ ಜೋಡಿಸುವ ಯೋಜನೆಯನ್ನು ಶಿಕ್ಷಕರೇ ಬರೆಯಬೇಕು. ಹೀಗೆ ನೀಡುವ ಹಣದ ಮೊತ್ತ ದೊಡ್ಡದಲ್ಲದಿದ್ದರೂ ಅದರ ತತ್ತ್ವ ಬೇರೆಯದು: ಏನು ಕಲಿಸಬೇಕೆಂಬ ನಿರ್ಧಾರ ಕೊಡುವವರದಲ್ಲ, ಕಲಿಸುವವರದು. ಆದರೆ ಇಂತಹ ಅನುದಾನ ಆಯ್ದ ಕೆಲವು ಶಾಲೆಗಳನ್ನಷ್ಟೇ ಮುಟ್ಟಬಲ್ಲದು. ಶಿಕ್ಷಕರು ವರ್ಗಾವಣೆಗೊಂಡರೆ ಕೆಲಸ ಅಲ್ಲಿಗೆ ನಿಲ್ಲುವ ಅಪಾಯವೂ ಇದೆ. ಅದು ಮಾದರಿಯಾಗಬಲ್ಲದೇ ಹೊರತು ಸರ್ಕಾರದ ಹೊಣೆಗೆ ಬದಲಿಯಾಗಲಾರದು.

ಪ್ರಾದೇಶಿಕ ನಿಧಿಗಳು

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಕೂಡ್ಲಿಗಿ, ಹರಪನಹಳ್ಳಿಗಳೂ ಆ ಪಟ್ಟಿಯಲ್ಲಿದ್ದವು. ಸಂವಿಧಾನದ 371ಜೆ ವಿಧಿಯು 2013ರಲ್ಲಿ ಜಾರಿಗೆ ಬಂದಾಗ ಬಳ್ಳಾರಿ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿತು. ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಸೇರಲಿಲ್ಲ. ಒಂದೇ ದೊಡ್ಡಾಟದ ಮೇಳ ಆಡುವ ಎರಡು ನೆರೆಯೂರುಗಳಲ್ಲಿ ಒಂದು ವಿಶೇಷ ನಿಧಿಯ ಒಳಗೆ, ಇನ್ನೊಂದು ಹೊರಗೆ ಎಂಬ ಸ್ಥಿತಿ ಉಂಟಾಯಿತು. ಹರಪನಹಳ್ಳಿಯನ್ನು ಬಳ್ಳಾರಿಗೆ ಮರಳಿಸಬೇಕೆಂಬ ಬೇಡಿಕೆಯ ಹಿಂದೆ ಈ ಪ್ರಶ್ನೆಯೂ ಇತ್ತು. ಮರಳಿದ ಬಳಿಕ ಆ ಸೌಲಭ್ಯ ಈ ತಾಲ್ಲೂಕಿಗೂ ವಿಸ್ತರಿಸಿತು. ಗಡಿರೇಖೆಯೊಂದು ಮಗುವಿನ ಶಾಲೆಗೆ ಬರುವ ಹಣವನ್ನು ಹೇಗೆ ನಿರ್ಣಯಿಸುತ್ತದೆಂಬುದಕ್ಕೆ ಇದು ನಿದರ್ಶನ.

2015ರ ಗಣಿ ಮತ್ತು ಖನಿಜ ಕಾಯಿದೆಯ ತಿದ್ದುಪಡಿಯಿಂದ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನಗಳ ವಿಷಯವೂ ಇಲ್ಲಿ ಪ್ರಸ್ತುತ. ಗಣಿಬಾಧಿತ ಪ್ರದೇಶಗಳಿಗೆ ಸಲ್ಲುವ ಈ ನಿಧಿಯಲ್ಲಿ ಶಿಕ್ಷಣವು ಆದ್ಯತೆಯ ಕ್ಷೇತ್ರ. ಪ್ರಧಾನ ಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿಯಲ್ಲಿ ಕೊಠಡಿ, ಪ್ರಯೋಗಾಲಯ, ಗ್ರಂಥಾಲಯಗಳ ಜೊತೆಗೆ ಕಲೆ ಮತ್ತು ಕರಕುಶಲ ಕೊಠಡಿಯನ್ನೂ, ಶಿಕ್ಷಕರು ಮತ್ತು ಸಹಾಯಕ ಸಿಬ್ಬಂದಿಯ ನಿಯೋಜನೆಯನ್ನೂ ಹೆಸರಿಸಲಾಗಿದೆ. ನಿಯಮದಲ್ಲಿ ಅವಕಾಶವಿರುವಾಗ ಅದನ್ನು ಕೇಳುವ ಪ್ರಸ್ತಾವನೆ ಕೆಳಗಿನಿಂದ ಹೋಗಬೇಕಾಗುತ್ತದೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕಾಂಪೌಂಡು, ಶೌಚಾಲಯ, ಮೇಲ್ಛಾವಣಿಗಳ ಬೇಡಿಕೆ ಮೊದಲು ಬರುವುದು ನ್ಯಾಯವೇ. ಅವುಗಳ ಬಳಿಕವಾದರೂ ಕಲೆಯ ಹೆಸರು ಪ್ರಸ್ತಾವನೆಯಲ್ಲಿ ಬರಬೇಕು.

ಲೆಕ್ಕಪತ್ರ ಮತ್ತು ಕಲಾವಿದ

2021ರ ಜುಲೈಯಿಂದ ಕೇಂದ್ರ ಪುರಸ್ಕೃತ ಯೋಜನೆಗಳ ಹಣವು ಏಕ ನೋಡಲ್ ಖಾತೆಯ ಮೂಲಕ ಹರಿಯುವ ಪದ್ಧತಿ ಬಂದಿತು. ಹಣ ಎಲ್ಲಿಯೂ ಕೊಳೆಯದಂತೆ ನೋಡಿಕೊಳ್ಳುವ ದೃಷ್ಟಿಯಿಂದ ಇದು ಒಳ್ಳೆಯ ಸುಧಾರಣೆ. ಬಣ್ಣದ ಡಬ್ಬಿ ಮಾರುವ ಅಂಗಡಿಯವನಿಗೆ ಬಿಲ್ಲು, ಖಾತೆ, ನೋಂದಣಿ ಎಲ್ಲವೂ ಇರುತ್ತವೆ. ಊರೂರು ಅಲೆಯುವ ಹಾಡುಗಾರ್ತಿಗೆ, ವಯಸ್ಸಾದ ದೊಡ್ಡಾಟದ ಮಾಸ್ತರನಿಗೆ ಬಿಲ್ಲು ಪುಸ್ತಕ ಇರುವುದಿಲ್ಲ. ಆದ್ದರಿಂದ ವಸ್ತುವನ್ನು ಕೊಳ್ಳುವುದು ಸುಲಭ, ಮನುಷ್ಯನ ವೇಳೆಗೆ ಬೆಲೆ ಕೊಡುವುದು ಕಷ್ಟ ಎಂಬ ಪರಿಸ್ಥಿತಿ ನಿರ್ಮಾಣವಾಗುತ್ತದೆ. ಲೆಕ್ಕಪರಿಶೋಧನೆಗೆ ಹೆದರುವ ಮುಖ್ಯೋಪಾಧ್ಯಾಯರು ಡೋಲು ಕೊಳ್ಳುತ್ತಾರೆ, ಡೋಲು ಕಲಿಸುವವನನ್ನು ಕರೆಯುವುದಿಲ್ಲ. ಗೌರವಧನಕ್ಕೆ ಸರಳ ರಶೀದಿಯ ನಮೂನೆ, ತಾಲ್ಲೂಕುಮಟ್ಟದಲ್ಲಿ ಸ್ಥಳೀಯ ಕಲಾವಿದರ ಒಂದು ಅಂಗೀಕೃತ ಪಟ್ಟಿ, ದಿನವೊಂದಕ್ಕೆ ನಿಗದಿತ ದರ ಇವು ಹೆಚ್ಚಿನ ಹಣವಿಲ್ಲದೆಯೇ ಸಾಧ್ಯವಾಗುವ ಸುಧಾರಣೆಗಳು. 2017ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪನೆಯಾದ ಕರ್ನಾಟಕ ಬಯಲಾಟ ಅಕಾಡೆಮಿ ಮತ್ತು ಜಾನಪದ ಅಕಾಡೆಮಿಗಳು ಅಂಥ ಪಟ್ಟಿಯನ್ನು ಶಿಕ್ಷಣ ಇಲಾಖೆಗೆ ಒದಗಿಸಬಲ್ಲ ಸಂಸ್ಥೆಗಳು.

ಒಂದು ಆಕ್ಷೇಪದ ವಿಚಾರ

ಸಾಂಪ್ರದಾಯಿಕ ಕಲೆಯನ್ನು ಶಾಲೆಗೆ ತರುವಾಗ ಅದರೊಡನೆ ಜಾತಿಯ ಕಟ್ಟು, ಹೆಣ್ಣಿನ ಶೋಷಣೆಗಳೂ ಬರಲಾರವೇ ಎಂಬ ಆಕ್ಷೇಪ ನ್ಯಾಯವಾದುದು. ಈ ತಾಲ್ಲೂಕುಗಳಲ್ಲಿ ದೇವದಾಸಿ ಪದ್ಧತಿ ಬೇರೂರಿತ್ತು. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಅದನ್ನು ಅಪರಾಧವೆಂದು ಸಾರಿತು. ಹಾಡು, ಕುಣಿತಗಳ ನೆನಪು ಕೆಲವು ಮನೆಗಳಲ್ಲಿ ನೋವಿನ ನೆನಪೂ ಆಗಿದೆ. ಕಲೆಯನ್ನು ಮಾತ್ರ ಕಲಿಸಿ ಅದರ ಚರಿತ್ರೆಯನ್ನು ಮುಚ್ಚಿಡುವುದು ಸಲ್ಲದು. ಕಲೆಯ ಜೊತೆ ಮಾನವಿಕ ವಿಷಯಗಳು ಇರಬೇಕಾದುದು ಈ ಕಾರಣದಿಂದಲೇ. ಹಾಡನ್ನು ಸಂಗೀತವಾಗಿ ಕಲಿಯುವ ಮಗು, ಅದನ್ನು ಹಾಡಿದವರು ಯಾರು, ಯಾರಿಗೆ ಕಲಿಯುವ ಹಕ್ಕಿರಲಿಲ್ಲ, ಕಾನೂನು ಏಕೆ ಬಂದಿತು ಎಂಬುದನ್ನು ಸಮಾಜ ವಿಜ್ಞಾನದಲ್ಲಿ ಅರಿಯಬೇಕು. ಜೊತೆಗೆ, ತಾಯಿಯ ಕುಲಕಸುಬಿಗೆ ಮಗುವನ್ನು ಮರಳಿ ಕಟ್ಟಿಹಾಕುವುದು ಕಲಾಶಿಕ್ಷಣದ ಗುರಿಯಾಗಬಾರದು. ಕಲೆ ಎಲ್ಲ ಮಕ್ಕಳಿಗೂ ಸೇರಿದ್ದೆಂದಾಗ ಮಾತ್ರ ಕಲಾವಿದರ ಮನೆಯ ಮಗು ತಲೆಯೆತ್ತಿ ಕುಳಿತುಕೊಳ್ಳುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಅನುದಾನವು ವಸ್ತು, ಸಂದರ್ಭ, ವ್ಯಕ್ತಿ ಎಂಬ ಮೂರು ರೂಪಗಳಲ್ಲಿ ಶಾಲಾ ಕಲೆಯನ್ನು ಮುಟ್ಟುತ್ತದೆ. ವಸ್ತುವಿಗೆ ಸಂಯುಕ್ತ ಅನುದಾನದಲ್ಲಿ ಅಲ್ಪಸ್ವಲ್ಪ ಎಡೆಯಿದೆ. ಸಂದರ್ಭಕ್ಕೆ ಸ್ಪರ್ಧೆ, ಉತ್ಸವಗಳ ಹಣವಿದೆ. ವ್ಯಕ್ತಿಗೆ, ಅಂದರೆ ಕಲಿಸುವವನ ವೇಳೆಗೆ, ಅತ್ಯಂತ ಕಡಿಮೆ. ಕಾನೂನು ಆತನನ್ನು ಹೆಸರಿಸಿದೆಯಾದರೂ ನೂರು ಮಕ್ಕಳ ಗಡಿಯಲ್ಲಿ ನಿಲ್ಲಿಸಿದೆ. ಶಾಲಾ ಸಮೂಹಕ್ಕೊಬ್ಬ ಕಲಾಬೋಧಕ, ವರ್ಷದ ಆರಂಭದಲ್ಲಿ ಹಣ, ಕಲಾವಿದರಿಗೆ ಸರಳ ಗೌರವಧನ, ಸ್ಥಳೀಯ ಚರಿತ್ರೆಯ ಪುಸ್ತಕಗಳು ಇವಿಷ್ಟು ಕೂಡಿಬಂದರೆ ಈ ಐದು ತಾಲ್ಲೂಕುಗಳ ಸಣ್ಣ ಶಾಲೆಗಳಲ್ಲಿಯೂ ಕಲಾಶಿಕ್ಷಣ ನೆಲೆಗೊಳ್ಳುವುದು ಅಸಾಧ್ಯವಲ್ಲ.

1823ರಲ್ಲಿ ಈ ಸೀಮೆಯ ಐಗಳು ಸರ್ಕಾರದ ಒಂದು ಕಾಸೂ ಇಲ್ಲದೆ ಕಾವ್ಯ, ಕಥೆ, ವ್ಯಾಕರಣಗಳನ್ನು ಕಲಿಸಿದರು. ಆದರೆ ಕಲಿತವರು ಕೆಲವೇ ಮಂದಿ, ಹೆಣ್ಣುಮಕ್ಕಳಂತೂ ಬೆರಳೆಣಿಕೆಯಷ್ಟು. ಇಂದು ಎಲ್ಲರ ಮಕ್ಕಳಿಗೂ ಶಾಲೆಯ ಬಾಗಿಲು ತೆರೆದಿದೆ. ಅಂದಿನ ಓದಿನ ಶ್ರೀಮಂತಿಕೆಯನ್ನು ಇಂದಿನ ಎಲ್ಲ ಮಕ್ಕಳಿಗೂ ಹಂಚುವುದೇ ಸಾರ್ವಜನಿಕ ಅನುದಾನದ ನಿಜವಾದ ಕೆಲಸ. ಬಾಗಳಿಯ ದೇವಾಲಯದ ಕಂಬವನ್ನು ಅದೇ ಊರಿನ ಮಗು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಅದರ ಶಾಸನವನ್ನು ತನ್ನ ಶಿಕ್ಷಕರ ನೆರವಿನಿಂದ ಓದುವಂತಾದರೆ ಆ ಕೆಲಸ ನಡೆಯುತ್ತಿದೆಯೆಂದು ತಿಳಿಯಬಹುದು.